ಒಂದು ನಲ್ಲಿಯ ಪರವಾಗಿ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವಳು ಹದಿನೆಂಟನೇ ಲಕೋಟೆ ಒಡೆದು, ತಾರೀಖಿನ ಮೊಹರು ಒತ್ತಿ, ಹತ್ತೊಂಬತ್ತನೆಯದಕ್ಕೆ ಕೈಹಾಕಿದಾಗ ಅದೇ ದುಂಡು ಅಕ್ಷರ ಕಂಡಿತು. ತಟ್ಟೆಯಲ್ಲಿ ಇಷ್ಟದ್ದನ್ನು ಕೊನೆಗೆ ಉಳಿಸಿಕೊಳ್ಳುವ ಮಕ್ಕಳ ಹಾಗೆ ಅದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಸರಸರ ಮುಗಿಸಿದಳು.

ಐದು ತಿಂಗಳಲ್ಲಿ ಇದು ಏಳನೇ ಕಾಗದ. ಸಹಿಯ ಜಾಗದಲ್ಲಿ 'ಒಂದು ನಲ್ಲಿಯ ಪರವಾಗಿ' ಎಂದಷ್ಟೇ ಇರುತ್ತಿತ್ತು, ಕೆಳಗೆ ವಿಳಾಸ. ಮೊದಲನೆಯದನ್ನು ಓದಿದ ದಿನ ಅವಳು ಮನೆಗೆ ಹೋದಮೇಲೂ ನಗುತ್ತಿದ್ದಳು. ಗಂಡ, "ಹಲ್ಲುನೋವಾ?" ಎಂದು ಕೇಳಿದ್ದ. ಅವಳ ಮುಖ ಹಾಗೆ ಅಲುಗಿದ್ದನ್ನು ಅವನು ನೋಡಿ ಬಹಳ ವರ್ಷವಾಗಿತ್ತು.

ದೂರು ಬಗೆಹರಿದರೆ ಕಾಗದ ನಿಲ್ಲುತ್ತದೆ. ಹಾಗಾಗಿ ಆ ಫೈಲು ರಿಪೇರಿ ವಿಭಾಗಕ್ಕೆ ಹೋಗದೆ ಅವಳ ಡ್ರಾಯರಿನಲ್ಲೇ ಇತ್ತು. ಪ್ರತಿ ಕಾಗದಕ್ಕೂ ಒಂದೇ ಉತ್ತರ: 'ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ತಾಳ್ಮೆಯಿಂದ ಸಹಕರಿಸಿ.' ಅದನ್ನು ಅಂಚೆಗೆ ಹಾಕಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಯಾರೋ ಬಾಯಾರಿ ಕೂತಿದ್ದಾರೆ, ನಾನು ನಗುತ್ತಾ ಕೂತಿದ್ದೇನೆ ಎನ್ನಿಸುತ್ತಿತ್ತು. ಮುಂದಿನ ಕಾಗದ ಬಂದರೆ ಊಟ ಮತ್ತೆ ಸೇರುತ್ತಿತ್ತು.

ಈಗ ಬಿಡಿಸಿ ಓದಿದಳು. 'ನಿನ್ನೆ ಬೆಳಿಗ್ಗೆ ನಮ್ಮ ನಲ್ಲಿಯಲ್ಲಿ ಒಂದು ಹನಿ ಕಾಣಿಸಿಕೊಂಡಿತು. ನೆಂಟರಿಷ್ಟರಿಗೆಲ್ಲ ಹೇಳಿಕಳಿಸಿದೆ. ಅಷ್ಟು ಜನರನ್ನು ನೋಡಿ ಹನಿಗೆ ನಾಚಿಕೆಯಾಗಿ ಒಳಕ್ಕೆ ಹೋಯಿತು. ಮೀಟರು ಮಾತ್ರ ಆರೋಗ್ಯವಾಗಿದೆ. ಬರೀ ಗಾಳಿ ಕುಡಿದೇ ದಪ್ಪಗಾಗುತ್ತಿದೆ.'

ಅದುಮಿಟ್ಟ ನಗು ಸೈಕಲ್ ಟ್ಯೂಬಿನ ಗಾಳಿಯಂತೆ ಮೂಗಿನಿಂದ ಹೊರಟಿತು.

"ಏನಕ್ಕಾ, ಹುಷಾರಿಲ್ವಾ?" ಎದುರು ಮೇಜಿನ ಟೈಪಿಸ್ಟ್ ಎದ್ದು ಬಂದಳು.

"ಏನಿಲ್ಲ ಕಣೆ, ಧೂಳು."

"ಧೂಳಿಗೆ ಯಾರಾದ್ರೂ ಹೀಗೆ ನಗ್ತಾರಾ? ಕೊಡಿ ಇಲ್ಲಿ."

ಕಸಿದುಕೊಂಡು ಗಟ್ಟಿಯಾಗಿ ಓದಿದಳು. ಹನಿ ನಾಚಿಕೊಳ್ಳುವಷ್ಟರಲ್ಲಿ ಇಡೀ ವಿಭಾಗ ಸುತ್ತ ನಿಂತಿತ್ತು. ಮೀಟರು ದಪ್ಪಗಾಗುವಷ್ಟರಲ್ಲಿ ಸಾಹೇಬರೇ ಬಾಗಿಲಲ್ಲಿದ್ದರು. ಅವರು ಕುರ್ಚಿ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಇಂಥವರ ಮನೇಲಿ ನೀರಿಲ್ವಾ? ಇವತ್ತೇ ರಿಪೇರಿ ಆಗ್ಬೇಕು," ಎಂದರು.

ಅವಳು ಡ್ರಾಯರನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿದಳು. "ಫೈಲ್ ಹುಡುಕ್ಬೇಕು ಸಾರ್."

"ನಿಮ್ಮ ಡ್ರಾಯರಲ್ಲೇ ಇದೆಯಲ್ಲಕ್ಕಾ," ಎಂದು ಟೈಪಿಸ್ಟ್ ತೆಗೆದೇಬಿಟ್ಟಳು.

"ಫಿಟ್ಟರ್ ರಜದಲ್ಲಿದ್ದಾರೆ ಸಾರ್."

"ಇಲ್ಲೇ ಇದ್ದೀನಲ್ಲ ಮೇಡಂ," ಎಂದ ಫಿಟ್ಟರ್, ಅವಳ ಬೆನ್ನ ಹಿಂದಿನಿಂದಲೇ.

"ಜೀಪು ಕೆಟ್ಟಿದೆಯಲ್ಲ?"

"ನಿನ್ನೆಯೇ ಸರಿಹೋಯ್ತು," ಎಂದರು ಸಾಹೇಬರು. "ನೀವೂ ಹೋಗಿ, ಸಹಿ ಹಾಕಿಸ್ಕೊಂಡು ಬನ್ನಿ. ಫೈಲ್ ಇವತ್ತೇ ಮುಗೀಲಿ."

ಒಂದು ಪೆನ್ಸಿಲ್ ಕೊಡಲು ಮೂರು ದಿನ ತೆಗೆದುಕೊಳ್ಳುತ್ತಿದ್ದ ಕಚೇರಿ ಹತ್ತೇ ನಿಮಿಷದಲ್ಲಿ ಅವಳನ್ನು ಜೀಪಿಗೆ ಹತ್ತಿಸಿತು.

ಬಾಗಿಲು ತೆಗೆದವರು ಕೆಲಸದಿಂದ ನಿವೃತ್ತರಾದ ಒಬ್ಬ ನರ್ಸಮ್ಮ. ಇಂಜೆಕ್ಷನ್ ಕೊಡುವ ಮುಂಚಿನ ಗಂಭೀರ ಮುಖ ಇನ್ನೂ ಹಾಗೇ ಇತ್ತು. ಫಿಟ್ಟರ್ ನೇರ ಹಿತ್ತಲಿಗೆ ನಡೆದ. ಅಲ್ಲಿ ಡ್ರಮ್ಮು, ಬಕೆಟ್ಟು, ಕೊಡ ಎಲ್ಲ ತುಂಬಿ ತುಳುಕುತ್ತಿದ್ದವು.

"ನೀರು ಬರ್ತಿದೆಯಲ್ಲಮ್ಮಾ?" ಎಂದಳು ಅವಳು.

"ಮೂರು ತಿಂಗಳಿಂದ ಬರ್ತಿದೆ. ನಿಮ್ಮನ್ನ ಕಾದಿದ್ರೆ ನಾನೂ ಒಣಗ್ತಿದ್ದೆ. ಹೊರಗಿನವನನ್ನ ಕರೆಸಿ ಸರಿ ಮಾಡಿಸ್ಕೊಂಡೆ."

"ಮತ್ತೆ ಕಾಗದ?"

"ಆಮೇಲಿಂದೆಲ್ಲ ಕಟ್ಟುಕತೆ. ಉತ್ತರದ ಆಸೆಗೆ." ನರ್ಸಮ್ಮ ಕ್ಲಿಪ್ ಹಾಕಿಟ್ಟ ಆರು ಉತ್ತರಗಳನ್ನು ತಂದರು. "ನಿಮ್ಮಲ್ಲಿ ಯಾರೋ ದೊಡ್ಡ ತಮಾಷೆಗಾರ ಇದ್ದಾನೆ ಕಣಮ್ಮ. ಪೈಪಲ್ಲಿ ಕಪ್ಪೆ ಸಂಸಾರ ಹೂಡಿದೆ ಅಂತ ಬರೆದ್ರೂ ಮುಖ ಸಡಿಲ ಮಾಡದೆ ಅದೇ ಎರಡು ಸಾಲು. ಸಂಜೆ ಅಕ್ಕಪಕ್ಕದವರಿಗೆ ಓದಿ ಹೇಳ್ತೀನಿ, ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗತ್ತೆ. ಯಾರದು?"

ಅವಳ ಕಿವಿ ಬಿಸಿಯಾಯಿತು. "ಗೊತ್ತಿಲ್ಲಮ್ಮ."

ಹಿತ್ತಲಿನಿಂದ ಬಡಿಯುವ ಸದ್ದು ಕೇಳಿ ಇಬ್ಬರೂ ಓಡಿದರು. ಫಿಟ್ಟರ್ ನಲ್ಲಿ ಬಿಚ್ಚಿಹಾಕಿ ಕೂತಿದ್ದ.

"ಚೆನ್ನಾಗಿದ್ದ ನಲ್ಲಿ ಯಾಕಪ್ಪಾ ಬಿಚ್ಚಿದೆ?" ಎಂದರು ನರ್ಸಮ್ಮ.

"ಚೆನ್ನಾಗಿರಬಹುದಮ್ಮಾ. ಆದ್ರೆ ಸಾಹೇಬರು ರಿಪೇರಿ ಅಂತ ಬರೆದಿದ್ದಾರಲ್ಲ."

ಅರ್ಧ ಗಂಟೆ ಬಡಿದು, ಸುತ್ತಿ, ಕೂಡಿಸಿದ. ತಿರುಗಿಸಿದರೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. "ಈಗ ಸರಿಯಾಯ್ತು. ಸ್ವಲ್ಪ ಹೊತ್ತಿಗೆ ಬರತ್ತೆ," ಎಂದು ಸಾಮಾನು ಎತ್ತಿಕೊಂಡು ಜೀಪಿನತ್ತ ಹೋದ.

ಅವಳೊಳಗೆ ನಾಚಿಕೆಗೇಡಿನ ಸಂತೋಷವೊಂದು ಉಕ್ಕಿತು. ನೀರಿಲ್ಲ. ಅಂದರೆ ಎಂಟನೇ ಕಾಗದ.

"ಒಂದು ಸಹಿ," ಎಂದು ಫೈಲು ಚಾಚಿದಳು.

"ನೀರು ಬರಲಿ, ಆಮೇಲೆ ಸಹಿ." ನರ್ಸಮ್ಮ ಕನ್ನಡಕ ಏರಿಸಿ ಪೆನ್ನು ಹುಡುಕಿದರು. "ಈಗಲೇ ಬರೀತೀನಿ. ಆದ್ರೆ ನಿಮ್ಮ ವಿಭಾಗಕ್ಕಲ್ಲ. ಆ ತಮಾಷೆಗಾರನಿಂದ ಕೆಲಸ ಆಗಲ್ಲ. ಈಗ ನಿಜವಾಗ್ಲೂ ನೀರಿಲ್ಲ ನೋಡಿ. ನೇರ ಸಾಹೇಬರಿಗೆ ಎರಡೇ ಸಾಲು. ತಮಾಷೆ ಗಿಮಾಷೆ ಏನೂ ಇಲ್ಲ."

ಸಹಿಯೂ ಇಲ್ಲ, ಕಾಗದವೂ ಇಲ್ಲ. ಫೈಲು ಎದೆಗವಚಿಕೊಂಡು ಅವಳು ಹೊರಟಳು. ಗೋಡೆಯ ಬುಡದಲ್ಲಿ, ಪೈಪು ಮನೆಯೊಳಕ್ಕೆ ನುಗ್ಗುವ ಕಡೆ, ಚಿಕ್ಕದೊಂದು ವಾಲ್ವ್ ಕಂಡಿತು. ಕೆಲಸಕ್ಕೆ ಮುಂಚೆ ಬಂದ್ ಮಾಡಿದ್ದನ್ನು ಫಿಟ್ಟರ್ ತೆರೆಯಲು ಮರೆತಿದ್ದ. ಬಗ್ಗಿ ಒಂದು ಸುತ್ತು ತಿರುಗಿಸಿದರೆ ಆಯಿತು.

ಬಗ್ಗಲಿಲ್ಲ. ಹಿತ್ತಲಲ್ಲಿ ತುಂಬಿಟ್ಟ ನೀರು ಎರಡು ದಿನಕ್ಕೆ ಸಾಕು. ನಾಳೆ ಭಾನುವಾರ, ಅಂಚೆ ಎತ್ತುವುದಿಲ್ಲ, ಸಾಹೇಬರಿಗೆ ಕಾಗದ ಹೋಗುವುದಿಲ್ಲ. ಹನ್ನೊಂದು ಗಂಟೆಗೆ ತಾನೇ ಇಲ್ಲಿಗೆ ಬರುವುದು, ಫೈಲಿಲ್ಲದೆ, ಒಬ್ಬಳೇ. ಎಂಟನೇ ಕಾಗದದಲ್ಲಿ ಏನು ಇರುತ್ತಿತ್ತೋ ಅದನ್ನು ಅವರ ಬಾಯಲ್ಲೇ ಕೂತು ಕೇಳುವುದು. ವಾಲ್ವ್ ತಿರುಗಿಸುವುದು ಹೊರಡುವಾಗ.

"ಸಹಿ ಆಯ್ತಾ ಮೇಡಂ?" ಫಿಟ್ಟರ್ ಕೇಳಿದ.

"ನಡೀರಿ," ಎಂದು ಅವಳು ಜೀಪು ಹತ್ತಿದಳು.