ಅಕ್ಷಯ ತೃತೀಯಕ್ಕೆ ಮುಂಚೆ ಗೃಹಪ್ರವೇಶ

ಒಂಟಿ ಮನುಷ್ಯನಿಗೆ ಭಾನುವಾರ ಬಹಳ ಉದ್ದ. ನಾನೂ ನನ್ನ ಹೆಂಡತಿಯೂ ಬೇರೆಯಾದಾಗ ಸ್ನೇಹಿತರೆಲ್ಲ ಅವಳ ಪಾಲಿಗೆ ಹೋದರು, ನನ್ನ ಪಾಲಿಗೆ ಪ್ರೆಶರ್ ಕುಕ್ಕರ್ ಬಂತು. ಅದರ ಸೀಟಿ ಬಿಟ್ಟರೆ ಪರದೇಶದ ಈ ಜೆರಿಕೋ ಊರಿನ ನನ್ನ ಮನೆಯಲ್ಲಿ ಬೇರೆ ಸದ್ದಿಲ್ಲ. ಬೋಟ್ ಇದ್ದವನನ್ನು ಜನ ಹುಡುಕಿಕೊಂಡು ಬರುತ್ತಾರೆಂದು ಆಫೀಸಿನಲ್ಲಿ ಯಾರೋ ಹೇಳಿದ್ದೇ ತಡ, ಈಜು ಬಾರದ ನಾನು ಮಾರ್ಚಿನಲ್ಲಿ, ಅರ್ಧ ಗಂಟೆ ದೂರದ ಮರೀನಾದಲ್ಲಿ, ಅಂದರೆ ಬೋಟುಗಳ ನಿಲ್ದಾಣದಲ್ಲಿ, ಕಟ್ಟಿದ್ದ ಹಳೆಯ ಬೋಟೊಂದನ್ನು ಕೊಂಡೆ.

ಪೂಜೆಯಾಗದೆ ವಾಹನ ಹತ್ತಬಾರದೆಂಬುದು ನಮ್ಮ ಮನೆಯ ಪದ್ಧತಿ. ಫ್ಲಶಿಂಗ್‌ನ ದೇವಸ್ಥಾನದ ಭಟ್ಟರಿಗೆ ಫೋನ್ ಮಾಡಿದರೆ, "ಈ ಶುಕ್ರವಾರವೇ ಬಂದು ಮಾಡಿಬಿಡ್ತೀನಿ" ಅಂದರು. ನಾನೇ ಒಪ್ಪಲಿಲ್ಲ. ಅಕ್ಷಯ ತೃತೀಯವೇ ಆಗಬೇಕು, ಹಳೆಯ ಸ್ನೇಹಿತರನ್ನೆಲ್ಲ ಕರೆಯಬೇಕು, ಪುಳಿಯೋಗರೆ ಆಗಬೇಕು ಎಂದು ಹಟ ಹಿಡಿದೆ. ಹನ್ನೆರಡು ಜನ ಬರುತ್ತೇವೆಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಹೊಸ ಕುರ್ಚಿಗಳನ್ನೂ ಕೊಂಡೆ.

ಅಷ್ಟರಲ್ಲಿ ಮರೀನಾ ನೋಡಿಕೊಳ್ಳುವ ಡೇವ್ ಫೋನ್ ಮಾಡಿದ. ಬೋಟಿನ ಚಾವಣಿ ಮೇಲೆ ಎರಡು ಆಸ್ಪ್ರೆಗಳು ಕಡ್ಡಿ ತಂದು ಹಾಕುತ್ತಿವೆ, ಇವತ್ತೇ ಹತ್ತಿ ತೆಗೆದುಬಿಡು ಎಂದ. ಆಸ್ಪ್ರೆಯೆಂದರೆ ಮೀನು ಹಿಡಿಯುವ ದೊಡ್ಡ ಹದ್ದು. ಪೂಜೆಗೆ ಮುಂಚೆ ಹತ್ತುವುದು ಹೇಗೆ? ದಡದಲ್ಲೇ ನಿಂತು ಚಪ್ಪಾಳೆ ತಟ್ಟಿದೆ. ಅವು ನನ್ನನ್ನು ನೋಡಿದ ರೀತಿಗೆ ನಾನೇ ಹೋಗಿ ಕಾರಿನಲ್ಲಿ ಕೂತೆ. ಹಬ್ಬದ ಹೊತ್ತಿಗೆ ಮೊಟ್ಟೆಗಳಾಗಿದ್ದವು. ಮೊಟ್ಟೆಯಿಟ್ಟ ಗೂಡನ್ನು ಇಲ್ಲಿ ಕಾನೂನು ಪ್ರಕಾರ ಮುಟ್ಟುವಂತಿಲ್ಲ, ಬೋಟನ್ನು ಕದಲಿಸುವಂತೆಯೂ ಇಲ್ಲ. ಪೂಜೆ ನಿಂತಿತು.

"ಬೋಟ್ ರೈಡ್ ಇಲ್ವಾ? ಓಕೆ, ನೆಕ್ಸ್ಟ್ ಟೈಮ್ ಪ್ಲಾನ್ ಮಾಡೋಣ ಬಿಡಿ" ಅಂದರು ಸ್ನೇಹಿತರು. ಹನ್ನೆರಡು ಜನರ ಪುಳಿಯೋಗರೆಯನ್ನು ನಾಲ್ಕು ದಿನ ಒಬ್ಬನೇ ತಿಂದೆ. ಎರಡನೆಯ ದಿನ ಕಣ್ಣಲ್ಲಿ ನೀರು ಬಂತು, ಖಾರ ಜಾಸ್ತಿಯಾಗಿರಲಿಲ್ಲ.

ಇಷ್ಟು ಬೋಟುಗಳ ಗದ್ದಲದಲ್ಲಿ ಇವಕ್ಕೆ ನನ್ನದೇ ಯಾಕೆ ಬೇಕಿತ್ತು ಎಂದು ಡೇವ್‌ನನ್ನು ಕೇಳಿದೆ. ಗದ್ದಲ ಅವಕ್ಕೆ ಲೆಕ್ಕಕ್ಕಿಲ್ಲವಂತೆ. ಸುತ್ತ ನೀರು, ಸ್ವಲ್ಪ ಎತ್ತರ, ಯಾರೂ ಕದಲಿಸದ ಜಾಗ, ಇಷ್ಟಿದ್ದರೆ ಸಾಕಂತೆ. "ಇಡೀ ಮರೀನಾದಲ್ಲಿ ಕದಲದೆ ನಿಂತಿದ್ದು ನಿನ್ನದೊಂದೇ" ಎಂದ.

ಹೊಸ ಕುರ್ಚಿಯೊಂದನ್ನು ದಡಕ್ಕೆ ಒಯ್ದು ಭಾನುವಾರಗಳಲ್ಲಿ ಅಲ್ಲೇ ಕೂರತೊಡಗಿದೆ. ಗಂಡು ಮೀನು ತರುವುದು ತಡವಾದರೆ ಹೆಣ್ಣು ಗೂಡಿನಿಂದಲೇ ಕಿರುಚುತ್ತಿತ್ತು. ಆ ಧಾಟಿ ನನಗೆ ಚೆನ್ನಾಗಿ ಗೊತ್ತು. ಬೈಸಿಕೊಳ್ಳುವುದಕ್ಕೂ ಮನೆಯಲ್ಲಿ ಒಬ್ಬರು ಬೇಕು.

ಸೆಪ್ಟೆಂಬರಿನಲ್ಲಿ ಮರಿಗಳ ಸಮೇತ ಎಲ್ಲ ಹಾರಿಹೋದವು. ಈಗ ಗೂಡು ತೆಗೆಯಬಹುದು, ಬಿಟ್ಟರೆ ಮಾರ್ಚಿಗೆ ಅದೇ ಜೋಡಿ ವಾಪಸ್ ಬರುತ್ತದೆ ಎಂದು ಡೇವ್ ಎಚ್ಚರಿಸಿದ. ಭಟ್ಟರಿಗೆ ಫೋನ್ ಮಾಡಿದೆ.

"ವಿಜಯದಶಮಿ ಬಂತಲ್ಲ, ಅವತ್ತೇ ಮುಗಿಸೋಣ" ಅಂದರು.

"ಬೇಡ ಭಟ್ರೇ, ಮುಂದಿನ ಅಕ್ಷಯ ತೃತೀಯಕ್ಕೇ ಇಟ್ಕೊಳ್ಳೋಣ."

"ಹೋದ ಸಲ ಕಾದು ಏನಾಯ್ತು ಅಂತ ಮರೆತುಬಿಟ್ರಾ?"

ಮರೆತಿಲ್ಲ ಅಂದೆ. ಈ ಸಲ ಪುಳಿಯೋಗರೆ ಬೇಡವೆಂದೂ ಹೇಳಿದೆ. ಬರುವವರು ಮೀನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ.