ಬಯಕೆಯ ಕಲ್ಲೇಡಿ

ಮನುಷ್ಯರಲ್ಲಿ ಏಡಿ ತಿನ್ನುವವರು, ತಿನ್ನದವರು ಎಂದು ಎರಡೇ ಪಂಗಡ ಎಂದು ನಾನು ಬಹಳ ದಿನ ನಂಬಿದ್ದೆ. ವಯಸ್ಸಾದಂತೆ ತಿಳಿಯಿತು, ತಿನ್ನುವವರಲ್ಲೇ ಒಳಜಗಳಗಳಿವೆ. ಗದ್ದೆ ಏಡಿ ಮೆಚ್ಚುವವರಿಗೆ ಕಲ್ಲೇಡಿ ಮೆಚ್ಚುವವರನ್ನು ಕಂಡರಾಗದು. ನಾನಂತೂ ಹಲ್ಲು ಬಂದಾಗಿನಿಂದ ಕಲ್ಲೇಡಿಯವನು. ಗದ್ದೆ ಏಡಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮಾರಿಕಣಿವೆಯ ನೀರು ಹರಿಯುವ ಗದ್ದೆಗಳ ಬದುವಿನಲ್ಲಿ ತೂತು ತೋಡಿಕೊಂಡು, ರೈತರ ಬಾಯಿಂದ ದಿನಕ್ಕೆ ನೂರು ಸಲ ಬೈಸಿಕೊಂಡು ಬದುಕುವ ಬಡಪಾಯಿ ಅದು. ಅದನ್ನು ಒರಳಿಗೆ ಹಾಕಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ರಸ ತೆಗೆದು ಸಾರು ಮಾಡುತ್ತಾರೆ. ಸಾರು ಘಮಘಮ ಎನ್ನುತ್ತದೆ, ನೆಗಡಿ ಓಡಿಹೋಗುತ್ತದೆ, ಎಲ್ಲ ಸರಿ. ಆದರೆ ಕಚ್ಚುವುದಕ್ಕೆ ಏನಿದೆ? ಕಲ್ಲೇಡಿಯ ಗತ್ತೇ ಬೇರೆ. ವೇದಾವತಿ ಹೊಳೆಯ ಬಂಡೆಗಳ ಸಂದಿಯಲ್ಲಿ ಅಂಗೈ ಅಗಲದ ಚಿಪ್ಪು ಹೊತ್ತು ಕೂತಿರುತ್ತದೆ. ಮುಂದಿನ ಎರಡು ಇಕ್ಕಳಗಳ ಒಳಗೆ ಬೆಳ್ಳನೆಯ, ಸಿಹಿಯಾದ ಮಾಂಸ. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಹುರಿದು, ಕಾಯಿ ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ, ಹುಣಸೆಹುಳಿ ಹಿಂಡಿ, ಕುದಿ ಬರುವಾಗ ಏಡಿಯನ್ನು ಬಿಟ್ಟರೆ, ಆಹಾ! ಪಕ್ಕದಲ್ಲಿ ಬಿಸಿ ಮುದ್ದೆಯೊಂದಿದ್ದರೆ ನನಗೆ ಬೇರೆ ಯಾವ ಸ್ವರ್ಗವೂ ಬೇಡ. ಅದೂ ಅಮಾವಾಸ್ಯೆಯ ಆಸುಪಾಸಿನ ಏಡಿಯಾಗಬೇಕು. ಹುಣ್ಣಿಮೆಯ ಏಡಿ ಪೊಳ್ಳು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಯಾಕೆ ಪೊಳ್ಳು ಎಂದು ಕೇಳಿದವರನ್ನು ಮಾತ್ರ ಎಲ್ಲರೂ ದುರುಗುಟ್ಟಿ ನೋಡುತ್ತಾರೆ.

ಇದು ಎಪ್ಪತ್ತರ ದಶಕದ ಮಾತು. ನಾನು ಹಿರಿಯೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದೆ. ಅಗಲ ಪಾದದ ಪ್ಯಾಂಟು ಹೊಲಿಸಿಕೊಂಡು, ಕೆನ್ನೆಯ ಮೇಲೆ ಕೂದಲು ಇಳಿಬಿಟ್ಟು, ನೋಡುವವರಿಗೆ ಸ್ವಲ್ಪ ಗಣ್ಯನಂತೆಯೇ ಕಾಣುತ್ತಿದ್ದೆ. ಮನೆಯಲ್ಲಿ ಹೆಂಡತಿ ಶಾಂತ, ಮತ್ತು ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ನನ್ನ ಅವ್ವ. ಶಾಂತ ಆಗ ತುಂಬಿದ ಬಸುರಿ. ಒಂದು ಶನಿವಾರ ಮಧ್ಯಾಹ್ನ ಅವಳು ಗೋಡೆಗೆ ಒರಗಿ ಕೂತು, “ಯಾಕೋ ಏಡಿ ಸಾರು ಉಣ್ಣಂಗೆ ಆಗೈತೆ” ಎಂದಳು. ಅಷ್ಟೇ ಹೇಳಿದ್ದು. ನಾನು ಚಾಪೆಯಿಂದ ಎದ್ದು ನಿಂತುಬಿಟ್ಟೆ. ಮದುವೆಯಾದ ಮೇಲೆ ನನ್ನ ಹೆಂಡತಿ ಇಷ್ಟು ಅರ್ಥಪೂರ್ಣವಾದ ಮಾತನ್ನು ಆಡಿದ್ದೇ ಇಲ್ಲ ಎನಿಸಿತು. ಅದೂ ಅಮಾವಾಸ್ಯೆ ಕಳೆದು ಎರಡೇ ದಿನ!

ಅವ್ವನಿಗೂ ಗಾಬರಿಯಾಯಿತು, ಆದರೆ ಬೇರೆ ಕಾರಣಕ್ಕೆ. “ಬಸುರಿ ಬಯಕೆ ತೀರಿಸ್ದೆ ಬಿಟ್ರೆ ಹುಟ್ಟೋ ಕೂಸಿಗೆ ಕಿವಿ ಸೋರ್ತೈತೆ ಕಣೋ. ನಾಳೆನೇ ತಗೊಂಬಾ” ಎಂದಳು. ನಾನು ಖುಷಿಯಿಂದ ಚೀಲ ಹುಡುಕುತ್ತಿರುವಾಗ ಹಿಂದಿನಿಂದ ಎರಡನೆಯ ಕಾನೂನು ಬಂತು. “ಆದ್ರೆ ನೋಡು, ನೀನು ಬಸುರಿ ಗಂಡ. ಯಾವ ಪ್ರಾಣೀದೂ ಕೈಕಾಲು ಮುರೀಬಾರ್ದು. ನೀನು ಏಡಿ ಕಾಲು ಮುರಿದ್ರೆ ಕೂಸಿಗೆ ಕಾಲು ಊನ. ಇಕ್ಕಳ ಮುರಿದ್ರೆ ಕೈ ಊನ. ಇಡೀ ಏಡಿ ತರ್ಬೇಕು. ಮುರಿಯೋದು, ಬೇಯ್ಸೋದು ನಂದಿರ್ಲಿ, ನಾನೇನು ಬಸುರಿ ಗಂಡನಾ?”

ಏಡಿ ಹಿಡಿದವರಿಗೆ ಗೊತ್ತು, ಇದು ಎಂಥ ಷರತ್ತೆಂದು. ಆ ಪ್ರಾಣಿ ತನ್ನ ಕಾಲನ್ನು ನಮಗೆ ದಾನ ಮಾಡಿ ತಾನು ಪಾರಾಗುವುದರಲ್ಲಿ ನಿಸ್ಸೀಮ. ಕಾಲು ಹಿಡಿದರೆ ಕಾಲು ನಮ್ಮ ಕೈಯಲ್ಲಿ, ಏಡಿ ಬಂಡೆಯ ಕೆಳಗೆ. ಮೊದಲಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಂಥ ನಂಬಿಕೆಗಳ ವಿರುದ್ಧ ತರಗತಿಯಲ್ಲಿ ಭಾಷಣ ಬಿಗಿದವನು ನಾನೇ. ಆದರೆ ಹುಟ್ಟುವ ಕೂಸು ನನ್ನದು ಎಂದಾಗ ಭಾಷಣವೆಲ್ಲ ಗಂಟಲಲ್ಲೇ ಉಳಿಯಿತು. ಇಲ್ಲದ ಅಪಾಯ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು ಎಂದು ಒಳಗೊಳಗೇ ಅವ್ವನ ಪಕ್ಷ ಸೇರಿಬಿಟ್ಟೆ.

ಭಾನುವಾರ ಮಧ್ಯಾಹ್ನ ರುದ್ರಣ್ಣನನ್ನು ಕರೆದುಕೊಂಡು ಹೊಳೆಗೆ ಹೋದೆ. ರುದ್ರಣ್ಣ ನಮ್ಮ ಶಾಲೆಯ ಗಣಿತದ ಮೇಷ್ಟ್ರು, ಹೊರಕೆರೆದೇವಪುರದ ಕಡೆಯವನು, ಕೊರಳಲ್ಲಿ ಲಿಂಗ ಧರಿಸಿದವನು. ಮೊಟ್ಟೆ ಒಡೆದ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಮನುಷ್ಯ. ಆದರೆ ಏಡಿ ಹಿಡಿಯುವುದೆಂದರೆ ಪ್ರಾಣ! ಹಿಡಿದು, ತಿರುಗಾಮುರುಗಾ ಮಾಡಿ ನೋಡಿ, ಮತ್ತೆ ನೀರಿಗೇ ಬಿಡುತ್ತಿದ್ದ. ಇದೇನು ಎಂದು ಕೇಳಿದರೆ, “ತಿನ್ನಬ್ಯಾಡ ಅಂದವ್ರೆ ಮೇಷ್ಟ್ರೆ, ಹಿಡೀಬ್ಯಾಡ ಅಂತ ಯಾರೂ ಅಂದಿಲ್ಲ” ಎನ್ನುತ್ತಿದ್ದ. ಇಬ್ಬರೂ ಪ್ಯಾಂಟು ಮಡಿಚಿ ಮೊಣಕಾಲುದ್ದ ನೀರಿಗೆ ಇಳಿದೆವು. ನಾನು ಒಂದೊಂದೇ ಕಲ್ಲನ್ನು ದೇವರ ಪೆಟ್ಟಿಗೆ ತೆರೆದ ಹಾಗೆ ಮೆಲ್ಲಗೆ ಎತ್ತುವುದು, ರುದ್ರಣ್ಣ ಹಿಂದಿನಿಂದ ಚಿಪ್ಪಿಗೆ ಕೈಹಾಕಿ ಹಿಡಿದು ಚೀಲಕ್ಕೆ ಬಿಡುವುದು. ಒಂದು ಸಿಕ್ಕಿತು, ಇನ್ನೊಂದು ಸಿಕ್ಕಿತು, ಸಣ್ಣವೇ ಆದರೂ ಇಡೀ ಏಡಿಗಳು. ಪ್ರತಿ ಏಡಿಗೂ ನಾವಿಬ್ಬರೂ ಹುಡುಗರ ಹಾಗೆ ಕೂಗುತ್ತಿದ್ದೆವು. ದಂಡೆಯ ಮೇಲೆ ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬ ಕಂಬಳಿಯೊಳಗಿಂದಲೇ, “ಏನಪ್ಪ, ಬಂಗಾರ ಸಿಕ್ತಾ?” ಎಂದು ಕೇಳಿದ.

ಬಂಗಾರ ಸಿಕ್ಕಿದ್ದು ಆಮೇಲೆ. ದೊಡ್ಡ ಬಂಡೆಯೊಂದರ ಕೆಳಗೆ ನಾನು ಕೈ ಹಾಕಿದೆ. ಬೆರಳಿಗೆ ತಟ್ಟೆಯಂಥ ಚಿಪ್ಪು ತಗುಲಿತು. “ರುದ್ರಣ್ಣ, ಇದು ಏಡಿಯಲ್ಲ, ಏಡಿಗಳ ಯಜಮಾನ!” ಎಂದು ಕೂಗಿದೆ. ಕೂಗು ಮುಗಿಯುವುದರೊಳಗೆ ಯಜಮಾನ ನನ್ನ ಬಲಗೈ ಹೆಬ್ಬೆರಳನ್ನು ಹಿಡಿದುಕೊಂಡಿತ್ತು. ಕೈ ಮೇಲೆ ಎತ್ತಿದೆ. ಇಡೀ ಏಡಿ ಹೆಬ್ಬೆರಳಿಗೆ ಜೋತುಬಿದ್ದು ಹೊರಗೆ ಬಂತು. ಆ ಗಾತ್ರದ ಕಲ್ಲೇಡಿಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನೋವಿಗೆ ಕಣ್ಣಲ್ಲಿ ನೀರು, ಸಂತೋಷಕ್ಕೆ ಬಾಯಲ್ಲಿ ನೀರು.

“ಕೊಡ್ರಿ ಇಲ್ಲಿ, ಇಕ್ಕಳ ಮುರೀತೀನಿ” ಎಂದು ರುದ್ರಣ್ಣ ಓಡಿಬಂದ.

“ಮುಟ್ಟಬೇಡ!” ಎಂದು ನಾನು ಚೀರಿದೆ. “ಮುರಿದರೆ ಕೂಸಿಗೆ ಕೈ ಇರಲ್ಲ!”

“ನಾನು ಮುರಿದ್ರೆ ನಿಮ್ಮ ಕೂಸಿಗೆ ಹೆಂಗೆ ಆಗ್ತೈತ್ರಿ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ನನ್ನ ಬೆರಳಿನ ನಿಮಿತ್ತ ಮುರಿದಂತಾಗುತ್ತದಲ್ಲ, ಆಗ ಪಾಪ ಯಾರ ಲೆಕ್ಕಕ್ಕೆ? ಅವ್ವ ಮನೆಯಲ್ಲಿದ್ದಳು, ಕೇಳೋಣವೆಂದರೆ ಹೊಳೆಯಲ್ಲಿ ಫೋನಿಲ್ಲ. “ಹಂಗಾರೆ ಕೈ ನೀರಿಗೆ ಬಿಡ್ರಿ, ತಾನೇ ಬಿಡ್ತೈತೆ” ಎಂದ ರುದ್ರಣ್ಣ. ಅದೂ ನಿಜ. ನೀರು ಕಂಡರೆ ಏಡಿ ಬೆರಳು ಬಿಡುತ್ತದೆ. ಬೆರಳು ಬಿಟ್ಟ ಏಡಿ ಮನೆಗೆ ಬರುತ್ತದೆಯೇ? ಬಂಡೆಯ ಕೆಳಗೆ ಹೋಗುತ್ತದೆ. ಹೆಬ್ಬೆರಳು ಉಳಿಯಬೇಕಾದರೆ ಏಡಿ ಹೋಗಬೇಕು, ಏಡಿ ಉಳಿಯಬೇಕಾದರೆ ಹೆಬ್ಬೆರಳು ನರಳಬೇಕು. ನಾನು ಹೆಚ್ಚು ಯೋಚನೆ ಮಾಡಲಿಲ್ಲ. “ಹಿಂಗೇ ಮನೆಗೆ ಹೋಗಾಣ, ಸೈಕಲ್ ತೆಗಿ” ಎಂದೆ.

ರುದ್ರಣ್ಣ ಸೈಕಲ್ ತುಳಿದ. ನಾನು ಹಿಂದಿನ ಕ್ಯಾರಿಯರ್ ಮೇಲೆ ಕೂತು, ಬಲಗೈಯನ್ನು ಆಶೀರ್ವಾದ ಮಾಡುವವನಂತೆ ಮೇಲೆ ಎತ್ತಿ ಹಿಡಿದಿದ್ದೆ, ಅದರ ತುದಿಯಲ್ಲಿ ಏಡಿ. ಪ್ರತಿ ಗುಂಡಿಗೂ ಅದು ಹಿಡಿತ ಬಿಗಿಮಾಡುತ್ತಿತ್ತು, ನಾನು “ಅವ್ವಾ” ಎನ್ನುತ್ತಿದ್ದೆ. ಪೇಟೆಯ ಹತ್ತಿರ ನಮ್ಮ ಶಾಲೆಯ ಹುಡುಗರ ಗುಂಪೊಂದು ಎದುರಾಗಿ, “ನಮಸ್ಕಾರ ಸಾ” ಎಂದು ಕೈ ಎತ್ತಿ ನಿಂತಿತು. ಅಭ್ಯಾಸಬಲದಿಂದ ನಾನೂ ಎತ್ತಿದ ಕೈಯನ್ನು ಇನ್ನಷ್ಟು ಎತ್ತಿದೆ. ಏಡಿಯೂ ಎತ್ತಿತು. ಮುಂದೆ ಹೆಡ್‌ಮಾಸ್ಟರು ಕೊಡೆ ಹಿಡಿದು ವಾಯುಸೇವನೆಗೆ ಹೊರಟಿದ್ದರು. ನನ್ನ ಕೈ ನೋಡಿದರು, ಮುಖ ನೋಡಿದರು, ಮತ್ತೆ ಕೈ ನೋಡಿದರು. “ಪಾಠೋಪಕರಣ ಸಾರ್” ಎಂದುಬಿಟ್ಟೆ. ಮಾರನೆಯ ದಿನ ಅವರು ಸ್ಟಾಫ್ ರೂಮಿನಲ್ಲಿ, ಇಷ್ಟು ಶ್ರದ್ಧೆಯಿರುವ ಮೇಷ್ಟ್ರು ಈ ಕಾಲದಲ್ಲಿ ಅಪರೂಪ ಎಂದರಂತೆ. ನಾನು ಕಲಿಸುತ್ತಿದ್ದದ್ದು ಇತಿಹಾಸ.

ಮನೆಯಲ್ಲಿ ಅವ್ವ ಬಕೆಟ್ಟಿನ ನೀರಿಗೆ ನನ್ನ ಕೈ ಅದ್ದಿಸಿದಳು. ಯಜಮಾನ ಹೆಬ್ಬೆರಳು ಬಿಟ್ಟು ಗಾಂಭೀರ್ಯದಿಂದ ತಳಕ್ಕೆ ಇಳಿಯಿತು. ಅವ್ವ ಚೀಲದ ಸಣ್ಣ ಏಡಿಗಳನ್ನೂ ಅದರೊಳಗೇ ಸುರಿದು, ಬಗ್ಗಿ ಒಂದೊಂದೇ ಕಾಲನ್ನು ಪರೀಕ್ಷಿಸಿದಳು. ನಾನು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಹಾಗೆ ಉಸಿರು ಬಿಗಿಹಿಡಿದು ಕಾದಿರಲಿಲ್ಲ. “ಎಲ್ಲ ಅವೆ” ಎಂದಳು. ನನ್ನ ಬೆರಳಿಗೆ ಅರಿಶಿನ ಸುಣ್ಣ ಮೆತ್ತಿ ಬಟ್ಟೆ ಸುತ್ತಿದಳು. ಇನ್ನೊಂದು ಗಳಿಗೆಯಲ್ಲಿ ಒಳಗಿನಿಂದ ಮಸಾಲೆ ರುಬ್ಬುವ ಸದ್ದು, ಆಮೇಲೆ ಕುದಿಯುವ ಸದ್ದು, ಆಮೇಲೆ ಆ ವಾಸನೆ! ನಾನು ಕೈಕಾಲು ತೊಳೆದು ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಆಗ ಮೂರನೆಯ ಕಾನೂನು ಹೊರಟಿತು.

“ಹೊರಗೆ ಹೋಗು. ಬಯಕೆ ಊಟದ ಮ್ಯಾಲೆ ಇನ್ನೊಬ್ರ ಕಣ್ಣು ಬೀಳಬಾರ್ದು. ಅದೂ ನಿನ್ನ ಕಣ್ಣು! ಹೆಂಗೆ ನೋಡ್ತವ್ನೆ ನೋಡು!”

ಹೀಗೆ ಹಿರಿಯೂರಿನ ಅತ್ಯಂತ ದೊಡ್ಡ ಏಡಿಪ್ರೇಮಿ ಜಗಲಿಯ ಮೇಲೆ, ಸಸ್ಯಾಹಾರಿಯೊಬ್ಬನ ಪಕ್ಕ ಹೋಗಿ ಕೂರಬೇಕಾಯಿತು. ಒಳಗೆ ಚಿಪ್ಪು ಮುರಿಯುವ ಸದ್ದು ಲಟಕ್ ಲಟಕ್ ಎಂದು ಕೇಳುತ್ತಿತ್ತು. ರುದ್ರಣ್ಣ ಮೂಗಿಗೆ ಟವಲ್ ಒತ್ತಿಕೊಂಡು, “ಅದು ದೊಡ್ಡ ಇಕ್ಕಳ ಇರ್ಬೇಕು” ಎಂದು ಕರುಣೆಯಿಂದ ಹೇಳಿದ. ನನಗೆ ಅಳು ಬಂತು. ಹುಟ್ಟದ ಕೂಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಮೊದಲ ತಂದೆ ನಾನೇ ಇರಬೇಕು.

ಬಹಳ ಹೊತ್ತಿನ ಮೇಲೆ ಶಾಂತ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಮುಖದಲ್ಲಿ ಕಳೆ ತುಂಬಿತ್ತು. “ಹೆಂಗಿತ್ತು?” ಎಂದೆ, ಸೋತ ದನಿಯಲ್ಲಿ.

“ಚೆನ್ನಾಗಿತ್ತು ಕಣ್ರಿ. ಆದ್ರೆ ನಾನು ಉಣ್ಣಂಗಾಗೈತೆ ಅಂದಿದ್ದು ಗದ್ದೆ ಏಡಿ ಸಾರು. ಕುಟ್ಟಿ ರಸ ತೆಗೀತಾರಲ್ಲ, ನಮ್ಮವ್ವ ಮಾಡ್ತಾಳಲ್ಲ, ಅದು.”

“ಮೊದಲೇ ಯಾಕೆ ಹೇಳಲಿಲ್ಲ?”

“ನೀವು ಕೇಳಿದ್ರಾ? ಏಡಿ ಅನ್ನೋ ಹೊತ್ಗೆ ಚೀಲ ಹಿಡ್ಕಂಡು ಕುಣೀತಿದ್ರಿ. ಪಾಪ, ಆಸೆಪಟ್ಟವ್ರೆ ಅಂತ ಸುಮ್ಕಾದೆ.”

ಒಳಗಿನಿಂದ ಅವ್ವ ಧಾವಿಸಿ ಬಂದಳು. “ಹಂಗಾರೆ ಇದು ಬಯಕೆ ಏಡಿನೇ ಅಲ್ಲ! ದೃಷ್ಟಿ ಗಿಷ್ಟಿ ಏನಿಲ್ಲ, ಬಾರೋ ಉಣ್ಣು ಬಾ.” ನಾನು ಎರಡೇ ನೆಗೆತಕ್ಕೆ ಗಡಿಗೆಯ ಮುಂದಿದ್ದೆ. ಒಳಗೆ ಸೌಟಿಗೂ ಸಿಗದಷ್ಟು ಸಾರು, ಅದರಲ್ಲಿ ಬೆಂಕಿಕಡ್ಡಿಯಂಥ ಒಂದು ಕಾಲು. ಪಕ್ಕದ ಮೊರದಲ್ಲಿ ಯಜಮಾನನ ಚಿಪ್ಪು, ಸೋಪು ಹಾಕಿ ತೊಳೆದಷ್ಟು ಸ್ವಚ್ಛವಾಗಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದರಿಂದ ಮುದ್ದೆ ಮುರಿಯಲೂ ಆಗದೆ, ಅವ್ವನೇ ಚಿಕ್ಕ ಮಗುವಿಗೆ ತಿನ್ನಿಸಿದ ಹಾಗೆ ತಿನ್ನಿಸಿದಳು.

ಮರುದಿನ ಸಂಜೆ ರುದ್ರಣ್ಣನೂ ನಾನೂ ಗದ್ದೆಯ ಬದುವಿನಲ್ಲಿ ಬಗ್ಗಿ ನಿಂತು, ಕಾಲು ಮುರಿಯದ ಹಾಗೆ ಗದ್ದೆ ಏಡಿ ಹಿಡಿದೆವು. ಶಾಂತಳ ಬಯಕೆ ತೀರಿತು. ಮಗಳು ಹುಟ್ಟಿದಳು. ಕೈ ಕಾಲು ಎಲ್ಲ ನೆಟ್ಟಗಿವೆ, ಕಿವಿ ಒಣಗಿದೆ, ಅಂಗಳದಲ್ಲಿ ಹಪ್ಪಳ ಒಣಗಿಸಿದಷ್ಟು ಒಣಗಿದೆ. ತೀರದೆ ಉಳಿದದ್ದು ನನ್ನ ಬಯಕೆ ಒಂದೇ. ಬಯಕೆ ತೀರದ ಗಂಡಸಿಗೆ ಏನಾಗುತ್ತದೆ ಎಂದು ಒಮ್ಮೆ ಅವ್ವನನ್ನೇ ಕೇಳಿದೆ. ಅವಳು ಮೊಮ್ಮಗಳ ಜಡೆ ಹೆಣೆಯುತ್ತಾ, ತಲೆ ಎತ್ತದೆ ಹೇಳಿದಳು:

“ಏನೂ ಆಗಲ್ಲ ಬಿಡು. ಹಿಂಗೇ ಸಿಕ್ಕಸಿಕ್ಕೋರ ಮುಂದೆಲ್ಲ ಹೇಳ್ಕೊಂಡು ತಿರುಗ್ತಾನೆ.”