ಸರ್ವೇಯರನ ಸ್ವೆಟರ್ ಮತ್ತು ಒಂದು ಒತ್ತುವರಿ ಪ್ರಕರಣ

ಅಳತೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ನಾನು ಲಿಂಗಸುಗೂರಿನಲ್ಲಿ ಸರ್ಕಾರಿ ಸರ್ವೇಯರ್. ಬದುವಿನ ಮೇಲೆ ಕೊಡಲಿ ಹಿಡಿದು ನಿಂತ ಅಣ್ಣತಮ್ಮಂದಿರ ನಡುವೆ ಚೈನು ಎಳೆದು, ಕಲ್ಲು ನೆಡಿಸಿ, ಇಬ್ಬರಿಗೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಸಿ ಬಂದವನು. ಇಂಥವನಿಗೆ ತನ್ನ ಎದೆಯ ಅಳತೆಗೆ ಒಂದು ಸ್ವೆಟರ್ ಹೆಣೆದುಕೊಳ್ಳುವುದು ಯಾವ ಮಹಾ ಕೆಲಸ? ಹೀಗಂದುಕೊಂಡೇ ನಾನು ಕೆಟ್ಟೆ.

ನಮ್ಮ ಸಿಂಧನೂರಿನಲ್ಲಿ ಸ್ವೆಟರ್ ಎಂದರೆ ನಗುವವರೇ ಹೆಚ್ಚು. ಚಳಿ ಎಂಬುದು ಇಲ್ಲಿ ಬೀಗರಂತೆ ಬಂದು, ಎರಡು ತಿಂಗಳು ಇದ್ದು ಹೋಗುತ್ತದೆ. ಆದರೆ ಆ ಎರಡು ತಿಂಗಳು ಬೆಳಗಿನ ಆರೂವರೆ ಬಸ್ಸು ಹತ್ತಿ, ಮಸ್ಕಿ ದಾಟಿ ಲಿಂಗಸುಗೂರು ತಲುಪಿ ನೋಡಿ! ಗದ್ದೆಗಳ ಮೇಲಿಂದ ಬರುವ ಗಾಳಿ ನೇರ ಎಲುಬಿಗೇ ಇಳಿಯುತ್ತದೆ. ನನ್ನ ಪಾಲಿಗೆ ಸಿಗುವ ಸೀಟಿನ ಕಿಟಕಿ ಮುಚ್ಚಿದ್ದನ್ನು ನಾನು ಇದುವರೆಗೂ ಕಂಡಿಲ್ಲ.

ಈ ಸಲ ಚಳಿಗೆ ಮೊದಲೇ, ದಸರೆಯ ಹೊತ್ತಿಗೆ, ಅಂಗಡಿಯ ಸ್ವೆಟರುಗಳನ್ನು ತಂದೆ. ಹೊಟ್ಟೆಗೆ ಸರಿಯಾದದ್ದರ ತೋಳು ಬೆರಳು ದಾಟುತ್ತಿತ್ತು. ತೋಳಿಗೆ ಸರಿಯಾದದ್ದು ಹೊಟ್ಟೆಯ ಹತ್ತಿರ ಬಂದು ತಕರಾರು ತೆಗೆಯುತ್ತಿತ್ತು. ನಾನು ಕಾರ್ಖಾನೆಯವರನ್ನು ಬೈದೆ. ನನ್ನ ಹೆಂಡತಿ ಶಾಂತಾ ನನ್ನನ್ನೇ ಹಿಡಿದಳು.

"ಸ್ವೆಟರ್ ಸಣ್ಣ ಆಗಿಲ್ಲರೀ, ನೀವು ದಪ್ಪ ಆಗೀರಿ. ದಿನಾ ಸಂಜಿಕ ಮಸ್ಕ್ಯಾಗ ಇಳದು ಒಗ್ಗರಣಿ ಮಿರ್ಚಿ ತಿಂದ್ರ ಇನ್ನೇನ್ ಆಗತೈತಿ?"

ಇದು ಗಂಭೀರ ಆರೋಪ. ಸಂಜೆ ಮನೆಗೆ ಬರುವಾಗ ಬಸ್ಸು ಮಸ್ಕಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಗ ಒಂದು ಪ್ಲೇಟು ಮಂಡಾಳ ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಮೇಲೆ ನಾಲ್ಕು ಬಿಸಿ ಮಿರ್ಚಿ ಬಜ್ಜಿ ತಿನ್ನದಿದ್ದರೆ ನನಗೆ ನೌಕರಿ ಮಾಡಿದ ಹಾಗೇ ಅನಿಸುವುದಿಲ್ಲ. ನನ್ನ ಮೈ ಮದುವೆಯ ದಿನ ಹೇಗಿತ್ತೋ ಹಾಗೇ ಇದೆ ಎಂದು ವಾದಿಸಿದೆ. ಸ್ವೆಟರನ್ನು ನಾನೇ ಹೆಣೆದು, ಸಂಕ್ರಾಂತಿಗೆ ಮುಕ್ಕುಂದದ ಹೊಳೆಗೆ ಹೋದಾಗ ಹಾಕಿ ತೋರಿಸುತ್ತೇನೆ ಎಂದೂ ಹೇಳಿಬಿಟ್ಟೆ. ಶಾಂತಾ ಅಲ್ಲೇ ಕರಾರು ಮಾಡಿದಳು. ಸ್ವೆಟರ್ ಸರಿ ಕೂತರೆ ಅವಳು ಮಿರ್ಚಿಯ ಸುದ್ದಿಗೆ ಬರುವುದಿಲ್ಲ. ಕೂರದಿದ್ದರೆ ಯುಗಾದಿಯ ತನಕ ಮಿರ್ಚಿ ಬಂದ್.

ಹೆಣಿಗೆ ಕಲಿಸಲು ಪಕ್ಕದ ಮನೆಯ ನೀಲಮ್ಮ ಒಪ್ಪಿದಳು. ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂತರೆ ಓಣಿಯ ಎಲ್ಲ ಕೂಸುಗಳಿಗೂ ಟೋಪಿ ಹೆಣೆಯುವ ಹಿರಿಯಳು. ಮರೂನ್ ಬಣ್ಣದ ಉಲ್ಲನ್ ನೋಡಿ ಮೆಚ್ಚಿದಳು. ಆಮೇಲೆ ಒಂದೇ ಮಾತು ಹೇಳಿದಳು.

"ಮೊದ್ಲು ಮೈ ಅಳತಿ ತೊಗೊ ತಮ್ಮಾ, ಆಮ್ಯಾಲ ಕಡ್ಡಿ ಹಿಡಿ."

ಶಾಂತಾ ಟೇಪು ಹಿಡಿದು ಬಂದೇಬಿಟ್ಟಳು. ನಾನು ಹಿಂದೆ ಸರಿದೆ. ಅವಳ ಕೈಗೆ ನನ್ನ ಸೊಂಟದ ಸುತ್ತಳತೆ ಸಿಕ್ಕರೆ ಸಂಜೆಯೊಳಗೆ ಅದು ತುರ್ವಿಹಾಳದ ಅವಳ ತವರಿಗೂ ಮುಟ್ಟುತ್ತದೆ. ಅದೂ ಅಲ್ಲದೆ ನಮ್ಮ ಇಲಾಖೆಗೆ ಒಂದು ಪದ್ಧತಿ ಇದೆ. ಹೊಲದ ಹದ್ದಿನ, ಅಂದರೆ ಗಡಿಯ ಬಗ್ಗೆ ಜಗಳ ಬಂದರೆ ಯಾರು ಎಷ್ಟು ಉಳುತ್ತಿದ್ದಾರೆ ಎಂದು ನಾವು ನೋಡುವುದಿಲ್ಲ. ಹಿಂದೆ ಭೂಮಿಯನ್ನು ಮೊದಲು ಅಳೆದವರು ಬರೆದಿಟ್ಟ ಮೂಲ ಟಿಪ್ಪಣಿ ತೆಗೆಯುತ್ತೇವೆ. ಅದರಲ್ಲಿ ಇದ್ದದ್ದೇ ಸತ್ಯ. ಅದರಾಚೆ ಇರುವುದೆಲ್ಲ ಒತ್ತುವರಿ.

ನನ್ನ ಮೈಗೂ ಒಂದು ಮೂಲ ಟಿಪ್ಪಣಿ ಇತ್ತು! ನನ್ನ ಮದುವೆಯ ಕೋಟು ಹೊಲಿದವನು ಮಸ್ಕಿ ಬಸ್‌ಸ್ಟ್ಯಾಂಡಿನ ಎದುರಿನ ಟೇಲರ್ ಹುಸೇನಪ್ಪ. ಅವನು ಹಳೆಯ ಅಳತೆ ಪುಸ್ತಕ ಒಂದನ್ನೂ ಎಸೆಯುವವನಲ್ಲ. ಮರುದಿನವೇ ಹೋಗಿ ಕೇಳಿದೆ. ಕಪಾಟಿನ ಮೇಲಿನಿಂದ ಧೂಳು ಕೊಡವಿ ಪುಸ್ತಕ ತೆಗೆದ. ನನ್ನ ಹೆಸರಿನ ಪುಟ ಸಿಕ್ಕಿತು. ಅವನು ಪುಟ ನೋಡಿದ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ, ಮತ್ತೆ ಪುಟ ನೋಡಿದ.

"ಇದು ಭಾಳ ಹಳೇದು ಐತ್ರಿ ಸಾಹೇಬ್ರ. ಹೊಸಾ ಅಳತಿ ಹಿಡೀಲೇನು?"

ದಾಖಲೆ ಇರುವಾಗ ಮರು ಅಳತೆಗೆ ಅವಕಾಶವಿಲ್ಲ ಎಂದು ನಾನು ಅವನಿಗೆ ನಿಯಮ ತಿಳಿಸಿದೆ. ಅವನು ಆ ಪುಟದ ಅಳತೆಯನ್ನೇ ಬರೆದುಕೊಟ್ಟ. ಅದರ ನಕಲನ್ನು ದಿನಾಂಕದೊಂದಿಗೆ ನನ್ನ ಫೈಲಿನಲ್ಲಿ ಸೇರಿಸಿದೆ.

ಹೆಣಿಗೆಯೆಲ್ಲ ಬಸ್ಸಿನಲ್ಲೇ ನಡೆಯಿತು. ಮೊದಲ ವಾರ ಕಡ್ಡಿಯ ತುದಿ ಪಕ್ಕದವರ ಪಕ್ಕೆಗೆ ತಾಗಿ, ನನ್ನ ಪಕ್ಕದ ಸೀಟು ತಾನಾಗಿಯೇ ಖಾಲಿ ಉಳಿಯತೊಡಗಿತು. ಒಂದು ದಿನ ಉಲ್ಲನ್ ಉಂಡೆ ಕೈಜಾರಿ, ಉರುಳುತ್ತ ಹೋಗಿ ಡ್ರೈವರನ ಕಾಲ ಹತ್ತಿರ ನಿಂತಿತು. ಇಡೀ ಬಸ್ಸು ಕಾಲೆತ್ತಿ ಕೂತಿತು. ಹಿಂದೊಮ್ಮೆ ನಾನು ಹೊಲ ಅಳೆದುಕೊಟ್ಟ ರೈತನೊಬ್ಬ ಆ ಎಳೆ ಹಿಡಿದೆತ್ತಿ, ಸಾಹೇಬರು ಈಗ ಬಸ್ಸನ್ನೂ ಅಳೆಯತೊಡಗಿದ್ದಾರೆ ಎಂದು ಸಾರಿದ. ನಾನು ಸಿಟ್ಟಾಗಲಿಲ್ಲ. ಕಡ್ಡಿಯ ಮೇಲೆ ಸಾಲು ಸಾಲಾಗಿ ಮರೂನ್ ಬೆಳೆಯುವುದನ್ನು ನೋಡುತ್ತಿದ್ದರೆ ನಿಜವಾಗಿಯೂ ಖುಷಿಯಾಗುತ್ತಿತ್ತು. ಇಷ್ಟು ವರ್ಷ ಬೇರೆಯವರ ಆಸ್ತಿಗೆ ಗೆರೆ ಹಾಕಿದ ಕೈ ಮೊದಲ ಸಲ ತನಗಾಗಿ ಏನೋ ಮಾಡುತ್ತಿತ್ತು.

ನೀಲಮ್ಮ ನಡುನಡುವೆ ನೋಡಿ, ಹೆಣಿಗೆ ಚಂದ ಬಂದಿದೆ, ಆದರೆ ಯಾರಿಗೆ ಇದು ಎಂದು ಕೇಳುತ್ತಿದ್ದಳು. ನನಗೇ ಎಂದರೆ ಶಿವಾ ಅಂದು ತನ್ನ ಟೋಪಿಯ ಹೆಣಿಗೆಗೆ ತಿರುಗುತ್ತಿದ್ದಳು. ಅವಳದು ಭಕ್ತಿ ಎಂದು ನಾನು ತಿಳಿದಿದ್ದೆ.

ಸಂಕ್ರಾಂತಿ ಬಂತು. ಮುಂದಿನ ಭಾಗ, ಹಿಂದಿನ ಭಾಗ, ಎರಡು ತೋಳು, ಎಲ್ಲ ಜೋಡಿಸಿ ಸ್ವೆಟರ್ ಸಿದ್ಧವಾಗಿತ್ತು. ಬೆಳಿಗ್ಗೆಯೇ ಮುಕ್ಕುಂದದ ಹೊಳೆಗೆ ಹೋದೆವು. ಶಾಂತಾ, ನೀಲಮ್ಮ, ತುರ್ವಿಹಾಳದಿಂದ ಬಂದ ಶಾಂತಾಳ ತವರಿನವರು, ಜೊತೆಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆಯ ಗಂಟುಗಳು. ತಣ್ಣೀರಲ್ಲಿ ಮುಳುಗಿ ಎದ್ದು, ಮೈ ಒರೆಸಿಕೊಂಡು, ಎಲ್ಲರ ಎದುರಿಗೆ ಸ್ವೆಟರನ್ನು ತಲೆಯ ಮೇಲಿನಿಂದ ಇಳಿಸಿದೆ.

ತಲೆ ಹೊರಬಂತು. ತೋಳುಗಳು ಅಚ್ಚುಕಟ್ಟಾಗಿ ಮಣಿಕಟ್ಟಿಗೆ ಬಂದು ನಿಂತವು. ಭುಜ ಅಳೆದಿಟ್ಟ ಹಾಗೆ ಕೂತಿತು. ಎದೆಯ ಮೇಲೂ ಹೇಗೋ ಇಳಿಯಿತು.

ಅಲ್ಲಿಗೆ ನಿಂತಿತು.

ನಾನು ಉಸಿರು ಒಳಗೆಳೆದೆ. ಅರ್ಧ ಇಂಚು ಇಳಿಯಿತು. ಉಸಿರು ಬಿಟ್ಟೆ. ಎರಡು ಇಂಚು ಮೇಲೇರಿತು! ಶಾಂತಾಳ ಅಣ್ಣ ಹಿಂದಿನಿಂದ ಜಗ್ಗಿದ, ಮುಂದಿನಿಂದ ನಾನು ಜಗ್ಗಿದೆ. ಕೊನೆಗೆ ಅದು ಹೊಕ್ಕಳಿಂದ ಒಂದು ಗೇಣು ಮೇಲೆ, ರವಿಕೆಯಂತೆ ಖಾಯಂ ಆಗಿ ನೆಲೆಸಿತು. ಅದರ ಕೆಳಗೆ, ಮಸ್ಕಿಯ ಮಿರ್ಚಿ ಬಗರ್ ಹುಕುಂ ಸಾಗುವಳಿ ಮಾಡಿದ ಜಮೀನು ಎಳೆಬಿಸಿಲಿನಲ್ಲಿ ಎಲ್ಲರಿಗೂ ಕಾಣುವಂತೆ ಹರಡಿತ್ತು.

ತವರಿನವರು ಹೊಟ್ಟೆ ಹಿಡಿದು ನಕ್ಕರು. ಶಾಂತಾ ಮಾತ್ರ ನಗಲಿಲ್ಲ. ಹೋಳಿಗೆ ಡಬ್ಬಿಯ ಕೆಳಗಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ನೀಲಮ್ಮನಿಗೆ ಕೊಟ್ಟಳು. ಬಿಚ್ಚಿದರೆ ಅರಿಶಿನ ಬಣ್ಣದ ಎರಡು ಉದ್ದನೆಯ ಹೆಣೆದ ಪಟ್ಟಿಗಳು. ನೀಲಮ್ಮ ನನ್ನ ಮೈಮೇಲಿನ ಸ್ವೆಟರನ್ನು ಬಿಡಿಸಿ, ಎರಡೂ ಪಕ್ಕದ ಹೊಲಿಗೆ ಬಿಚ್ಚಿದಳು. ನಾವು ಊಟ ಮುಗಿಸುವಷ್ಟರಲ್ಲಿ ಬಲಕ್ಕೊಂದು, ಎಡಕ್ಕೊಂದು ಪಟ್ಟಿ ಸೇರಿಸಿ ಹೊಲಿದಳು. ಹಾಕಿಕೊಂಡೆ. ಎಲ್ಲಿಯೂ ಬಿಗಿಯಿಲ್ಲ, ಎಲ್ಲಿಯೂ ಸಡಿಲಿಲ್ಲ. ಇಷ್ಟು ಚೆನ್ನಾಗಿ ನನ್ನ ಮೈಗೆ ಯಾವ ಬಟ್ಟೆಯೂ ಕೂತಿರಲಿಲ್ಲ.

ನನ್ನ ಅಳತೆ ಎಲ್ಲಿ ಸಿಕ್ಕಿತು ಎಂದು ಶಾಂತಾಳನ್ನು ಕೇಳಿದೆ.

"ನಿಮ್ಮ ಬನೀನು ದಿನಾ ಹಗ್ಗದ ಮ್ಯಾಲ ಒಣಗತೈತಿ. ಅದಕ್ಯಾಕ ಮಸ್ಕಿಗೆ ಹೋಗಬೇಕ್ರಿ?" ಎಂದಳು. ನೀಲಮ್ಮ ಹೆಣೆದ ಪಟ್ಟಿಗಳು ದೀಪಾವಳಿಗೇ ಸಿದ್ಧವಾಗಿದ್ದವಂತೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿತು. ಇನ್ನೊಂದು ಹೋಳಿಗೆ ಕೇಳಿದೆ. ಕೊಡಲಿಲ್ಲ.

ಅಂತೂ ನನ್ನ ಒತ್ತುವರಿ ಮನೆಯವರಿಂದಲೇ ಸಕ್ರಮವಾಯಿತು. ಮರೂನ್ ಬಣ್ಣ ನಾನು ಇದ್ದದ್ದು, ಅರಿಶಿನ ಬಣ್ಣ ನಾನು ಆದದ್ದು. ಹದ್ದು ಎಲ್ಲಿದೆ ಎಂದು ಆರೂವರೆ ಬಸ್ಸಿನ ಪ್ರತಿಯೊಬ್ಬ ಪ್ರಯಾಣಿಕನಿಗೂ ಗೊತ್ತಾಗುತ್ತದೆ. ಕಿಟಕಿ ಈಗಲೂ ಮುಚ್ಚುವುದಿಲ್ಲ, ಆದರೆ ನನಗೆ ಚಳಿಯಿಲ್ಲ.

ಕರಾರಿನ ಪ್ರಕಾರ ಮಿರ್ಚಿ ಬಂದ್ ಆಗಿದೆ. ಸಂಜೆ ಮಸ್ಕಿಯಲ್ಲಿ ಬಸ್ಸು ನಿಂತಾಗ ಆ ವಾಸನೆಯಿಂದ ದೂರವಿರಲು ಹುಸೇನಪ್ಪನ ಅಂಗಡಿಯಲ್ಲಿ ಕೂರುತ್ತೇನೆ. ಮೊನ್ನೆ ಅವನು ಪಟ್ಟಿಗಳನ್ನು ಮುಟ್ಟಿ ನೋಡಿ, ಹಳೆಯ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದ.

"ಹೊಸಾ ಅಳತಿ ಬರಕೊಳ್ಳಲೇನ್ರಿ ಸಾಹೇಬ್ರ?"

"ಬರಕೊ ಹುಸೇನಪ್ಪ," ಎಂದೆ. "ಆದ್ರ ಪೆನ್ಸಿಲಿನಾಗ ಬರಕೊ. ಯುಗಾದಿ ಮರುದಿನದಿಂದ ಮಿರ್ಚಿ ಮತ್ತ ಚಾಲೂ ಆಗತಾವ."